ಕಿಣ್ವವೂ ಬಂಧನವೂ

ಮಾಘ ಫಾಲ್ಗುಣ ಮಾಸಗಳಲ್ಲಿ ವಿಜಯಪುರದಿಂದ ತಿಕೋಟಾದ ಕಡೆಗೂ ಬಬಲೇಶ್ವರದ ಕಡೆಗೂ ಹೋಗುವ ದಾರಿಗಳ ಮಗ್ಗಲಿಗೆ ದ್ರಾಕ್ಷಿಯ ಚಪ್ಪರಗಳು ಹಣ್ಣಿನ ಭಾರದಿಂದ ಬಾಗಿರುತ್ತವೆ. ಆ ಹಣ್ಣಿನ ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ನೆಲೆಸಿರುತ್ತವೆ. ನಾಲ್ಕು ಗೊಂಚಲು ಹಣ್ಣನ್ನು ಹಿಚುಕಿ ಗಡಿಗೆಯೊಂದರಲ್ಲಿ ಹಾಕಿಟ್ಟರೆ ಎರಡು ಮೂರು ದಿನಗಳಲ್ಲಿಯೇ ರಸವು ನೊರೆಯೇರಿ ಸಣ್ಣಗೆ ಸದ್ದು ಮಾಡತೊಡಗುವದು. ಇದನ್ನು ಯಾರೂ ಯಾರಿಗೂ ಕಲಿಸಬೇಕಾದದ್ದಿಲ್ಲ. ಅದು ಸೃಷ್ಟಿಯ ನಡತೆ. ಆದರೆ ಹಾಗೆ ಏಳುವ ವಾಯುವನ್ನು ಹೊರಗೆ ಹೋಗಗೊಡದೆ, ಬೇಕಾದಷ್ಟನ್ನೇ ಅಳೆದು ಹುಟ್ಟಿಸಿ, ಗಾಜಿನ ಸೀಸೆಯಲ್ಲಿ ಬಂಧಿಸಿಡುವದು ಮನುಷ್ಯನ ವಿದ್ಯೆ. ಆ ವಿದ್ಯೆಗೆ ಮುನ್ನೂರೈವತ್ತು ವರುಷಗಳಿಗಿಂತ ಬಹಳ ಹೆಚ್ಚಿನ ವಯಸ್ಸಿಲ್ಲ. ಪಾಶ್ಚಾತ್ಯ ದೇಶಗಳ ಅನೇಕ ಗೃಹಸ್ಥರು ಮನೆಯಲ್ಲಿಯೇ ಬೀರು ಮಾಡಿ, ಸೀಸೆಗೆ ತುಂಬುವ ಮುನ್ನ ಅದಕ್ಕೆ ಒಂದಿಷ್ಟು ಸಕ್ಕರೆ ಬೆರೆಸುವ ಪದ್ಧತಿಯು ಈ ವಿದ್ಯೆಯ ಸರಳವಾದ ರೂಪವಾಗಿದೆ. ಇದರ ಚರಿತ್ರೆಯಲ್ಲಿ ಮೈಸೂರಿನ ಗ್ರಂಥಭಂಡಾರಕ್ಕೂ ವಿಜಯಪುರದ ಪೇಟೆಗೂ ಒಂದೊಂದು ಸ್ಥಾನವುಂಟೆಂಬದು ಹಲವರಿಗೆ ಹೊಸ ಸಂಗತಿಯಾಗಿ ತೋರಬಹುದು.

ಮೊದಲು ಶಬ್ದದ ವಿಚಾರ. ಇಂದಿನ ಪಾಠಪುಸ್ತಕಗಳಲ್ಲಿ 'ಕಿಣ್ವ' ಎಂಬ ಶಬ್ದವು ಎನ್ಜೈಮ್ ಎಂಬುದಕ್ಕೆ ಸಲ್ಲುತ್ತಿದೆ. ಪ್ರಾಚೀನರಲ್ಲಿ ಅದಕ್ಕೆ ಸುರೆಯನ್ನು ಹುಟ್ಟಿಸುವ ಹುದುಗು ಎಂಬದೇ ಅರ್ಥ. ಮೊಸರಿಗೆ ಹೆಪ್ಪು ಹೇಗೋ ಸುರೆಗೆ ಕಿಣ್ವವು ಹಾಗೆ. ಅದರಲ್ಲಿರುವ ಯೀಸ್ಟ್ ಎಂಬ ಜೀವಿಯು ಸಕ್ಕರೆಯನ್ನು ಉಂಡು ಅದನ್ನು ಎರಡಾಗಿ ಒಡೆಯುತ್ತದೆ. ನೂರು ತೂಕ ದ್ರಾಕ್ಷಾಶರ್ಕರೆಯಿಂದ ಸುಮಾರು 51 ತೂಕ ಮದ್ಯಸಾರವೂ 49 ತೂಕ ಅಂಗಾರಾಮ್ಲವಾಯುವೂ, ಅಂದರೆ ಈಗಿನವರು ಇಂಗಾಲದ ಡೈಆಕ್ಸೈಡ್ ಎನ್ನುವ ಅನಿಲವೂ ಹುಟ್ಟುವವು. ಹೀಗೆ ತೂಕದಲ್ಲಿ ಈ ಎರಡೂ ಹೆಚ್ಚು ಕಡಿಮೆ ಸಮಾನ. ಆದರೂ ಸಾವಿರಾರು ವರುಷಗಳ ತನಕ ಜನರು ಮೊದಲನೆಯದನ್ನು ಉಳಿಸಿಕೊಂಡರು. ಎರಡನೆಯದನ್ನು ಗಾಳಿಗೆ ಬಿಟ್ಟರು.

ಭರತಖಂಡದಲ್ಲಿ ಈ ವಿಷಯವನ್ನು ತೂಕ ಅಳತೆಗಳ ಸಹಿತವಾಗಿ ಹೇಳಿದ ಪ್ರಾಚೀನ ಗ್ರಂಥವು ಕೌಟಿಲ್ಯನ ಅರ್ಥಶಾಸ್ತ್ರ. ಬಹುಕಾಲ ಹೆಸರು ಮಾತ್ರ ಉಳಿದಿದ್ದ ಈ ಗ್ರಂಥದ ಓಲೆಗರಿಯ ಪ್ರತಿಯು ಮೈಸೂರಿನ ಪ್ರಾಚ್ಯ ಗ್ರಂಥಭಂಡಾರಕ್ಕೆ ಬಂದು ಸೇರಿತು, ಪಂಡಿತ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಅದರ ಇಂಗ್ಲಿಷ್ ಭಾಷಾಂತರವನ್ನು ಪ್ರಕಟಿಸಿದರು. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಒಂದು ಪ್ರಕರಣವಿದೆ. ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಆರು ಬಗೆಯ ಪಾನಗಳನ್ನು ಅಲ್ಲಿ ಎಣಿಸಿದ್ದಾನೆ. ಮೇದಕಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ. ನಾಲ್ಕು ಪ್ರಸ್ಥಕ್ಕೆ ಒಂದು ಆಢಕ, ನಾಲ್ಕು ಆಢಕಕ್ಕೆ ಒಂದು ದ್ರೋಣ ಎಂಬ ಲೆಕ್ಕವನ್ನು ಹಿಡಿದರೆ ಹದಿನಾರು ಪಾಲು ನೀರಿಗೆ ಎರಡು ಪಾಲು ಅಕ್ಕಿ, ಮೂರು ಪಾಲು ಹುದುಗು ಆಗುವದು. ಅಕ್ಕಿಗಿಂತ ಹುದುಗೇ ಹೆಚ್ಚಾದದ್ದನ್ನು ಕಂಡು ಆಶ್ಚರ್ಯಪಡಬೇಕಾಗಿಲ್ಲ. ಆ ಹುದುಗೂ ಉದ್ದಿನ ಹಿಟ್ಟಿಗೆ ಅಕ್ಕಿಯನ್ನು ಕೂಡಿಸಿ ಮಾಡಿದ್ದೇ. ಈ ಹುದುಗಿನ ಪಾಕಕ್ಕೆ ಕೌಟಿಲ್ಯನು ಕೊಟ್ಟ ಹೆಸರು 'ಕಿಣ್ವಬಂಧ'. ದ್ರಾಕ್ಷಿಯ ರಸದಿಂದಾದದ್ದೇ ಮಧು. ಅದು ಹುಟ್ಟಿದ ಸೀಮೆಗಳನ್ನು ಹಿಡಿದು ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳನ್ನು ಹೇಳಿರುವದರಿಂದ, ಆ ಕಾಲಕ್ಕೆ ದ್ರಾಕ್ಷಾಮದ್ಯವು ವಾಯವ್ಯ ದಿಕ್ಕಿನ ಪದಾರ್ಥವಾಗಿತ್ತೆಂದು ತಿಳಿಯಬಹುದು.

ಈ ಪ್ರಕರಣದಲ್ಲಿ ಸದ್ಯದ ವಿಷಯಕ್ಕೆ ತೀರ ಹತ್ತಿರವಾದ ಮಾತು ಇನ್ನೊಂದಿದೆ. ಮದ್ಯವು ಸಿದ್ಧವಾದ ಮೇಲೆ ಕೆಲವು ದ್ರವ್ಯಗಳ ಚೂರ್ಣವನ್ನು ಒಂದು ಹಿಡಿಯಷ್ಟು ಹಾಕಿದರೆ ಒಂದು ಕುಂಭಿಯ ಮದ್ಯವು ತಿಳಿಯಾಗಿ ಅರಸರು ಕುಡಿಯಲು ಯೋಗ್ಯವಾಗುವದೆಂದೂ, ರಸವನ್ನು ಹೆಚ್ಚಿಸುವದಕ್ಕಾಗಿ ಅದಕ್ಕೆ ಐದು ಪಲ ಫಾಣಿತವನ್ನು ಕೂಡಿಸಬಹುದೆಂದೂ ಅಲ್ಲಿ ವಿಧಿಸಿದೆ. ಫಾಣಿತವೆಂದರೆ ಕಬ್ಬಿನ ಹಾಲನ್ನು ಕಾಸಿ ಮಾಡಿದ ಕಾಕಂಬಿಯಂಥ ಪಾಕ. ಹುದುಗು ಇನ್ನೂ ಜೀವಂತವಾಗಿರುವ ಮದ್ಯಕ್ಕೆ ಕೊನೆಯಲ್ಲಿ ಅಳೆದು ಸಿಹಿಯನ್ನು ಕೂಡಿಸುವ ಕ್ರಿಯೆ ಇದು. ಇಂದಿನ ಗೃಹಸ್ಥನು ಬೀರಿಗೆ ಸಕ್ಕರೆ ಬೆರೆಸುವ ಕ್ರಿಯೆಯೂ ಹೊರನೋಟಕ್ಕೆ ಇದೇ ಆಗಿದೆ. ಆದರೆ ಉದ್ದೇಶದಲ್ಲಿ ಅಂತರವುಂಟು. ಕೌಟಿಲ್ಯನಿಗೆ ಬೇಕಾದದ್ದು ರಸವೃದ್ಧಿ, ವಾಯುವಲ್ಲ. ಬಯಸಿದ್ದರೂ ಆತನ ಪಾತ್ರೆಯು ಅದನ್ನು ಹಿಡಿಯುತ್ತಿರಲಿಲ್ಲ. ಮಣ್ಣಿನ ಕುಂಭಿಯ ಮೈಯೆಲ್ಲ ಸೂಕ್ಷ್ಮ ರಂಧ್ರಗಳು. ನೀರು ಬೆವರಿ ತಂಪಾಗಲು ಅನುಕೂಲವಾದ ಆ ಗುಣವೇ ವಾಯುವನ್ನು ಬಂಧಿಸುವದಕ್ಕೆ ಪ್ರತಿಕೂಲವಾಯಿತು.

ಅದೇ ಪ್ರಕರಣದಲ್ಲಿ ಕುಟುಂಬಿಗಳ ವಿಷಯವಾಗಿಯೂ ಒಂದು ನಿಯಮವಿದೆ. ಮದ್ಯದ ತಯಾರಿಕೆಯನ್ನೂ ಮಾರಾಟವನ್ನೂ ರಾಜನ ಹತೋಟಿಯಲ್ಲಿಟ್ಟ ಕೌಟಿಲ್ಯನು, ಮನೆಯ ಶುಭಕಾರ್ಯಗಳಲ್ಲಿ ಶ್ವೇತಸುರೆಯನ್ನೂ ಔಷಧಾರ್ಥವಾಗಿ ಅರಿಷ್ಟವನ್ನೂ ಮಾಡಿಕೊಳ್ಳಲು ಗೃಹಸ್ಥರಿಗೆ ಅವಕಾಶವಿತ್ತಿದ್ದಾನೆ. ಉತ್ಸವ, ಸಮಾಜ, ಯಾತ್ರೆಗಳಲ್ಲಿ ನಾಲ್ಕು ದಿನಗಳ ಮಟ್ಟಿಗೆ ಅನುಮತಿ ನೀಡಿದ್ದಾನೆ. ರಾಜನದಲ್ಲದ ಸರಕನ್ನು ಮಾರುವವರು ನೂರಕ್ಕೆ ಐದರಂತೆ ಶುಲ್ಕ ಕೊಡಬೇಕು. ಹೀಗೆ ಮನೆಗೆ ಇಷ್ಟು, ಅರಸನಿಗೆ ಇಷ್ಟು ಎಂದು ಗೆರೆ ಎಳೆದ ಈ ನಿಯಮವನ್ನು ನೆನಪಿನಲ್ಲಿಡುವದು ಅಗತ್ಯ. ಮುಂದಿನ ಚರಿತ್ರೆಯೆಲ್ಲ ಆ ಗೆರೆಯು ಸರಿದಾಡಿದ ಚರಿತ್ರೆಯೇ ಆಗಿದೆ.

ಕನ್ನಡ ನಾಡಿನ ಕಡೆಗೆ ಬಂದರೆ, ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮದಿರಾಪಾನವು ಅರಸರ ಕ್ರೀಡೆಗಳಲ್ಲೊಂದಾಗಿ ಬಂದಿದೆ. ಅದೇ ಶತಮಾನದಲ್ಲಿ ಅದೇ ಕಲ್ಯಾಣದಲ್ಲಿ ಹೆಂಡವನ್ನು ಮಾರಿ ಬಾಳಿದ ಶರಣನೊಬ್ಬನಿದ್ದನು. ಅವನೇ ಹೆಂಡದ ಮಾರಯ್ಯ. ಧರ್ಮೇಶ್ವರಲಿಂಗವೆಂಬ ಅಂಕಿತದ ಅವನ ಕೆಲವೇ ವಚನಗಳು ಉಳಿದು ಬಂದಿದ್ದು, ಅವುಗಳಲ್ಲಿ ತನ್ನ ಕಾಯಕದ ಮಾತುಗಳನ್ನೇ ಅವನು ಅಧ್ಯಾತ್ಮಕ್ಕೆ ಹಚ್ಚಿದ್ದಾನೆ. ಅರಸನಿಗೆ ವಿನೋದವಾದದ್ದು ಮಾರಯ್ಯನಿಗೆ ಹೊಟ್ಟೆಯ ಪಾಡು. ವಚನಗಳನ್ನು ಊರೂರು ಅಲೆದು ಸಂಗ್ರಹಿಸಿ, ವಿಜಯಪುರದಲ್ಲಿ ಮುದ್ರಣಾಲಯವನ್ನೇ ಕಟ್ಟಿ ಪ್ರಕಟಿಸಿದ ಫ. ಗು. ಹಳಕಟ್ಟಿಯವರ ಶ್ರಮವಿಲ್ಲದಿದ್ದರೆ ಇಂಥ ಕಾಯಕದವರ ಮಾತು ಇಂದಿನವರ ಕಿವಿಗೆ ಬೀಳುವದು ದುರ್ಲಭವಾಗುತ್ತಿತ್ತು.

ಹೆಂಡದ ಸಂಗತಿಯಲ್ಲಿ ಒಂದನ್ನು ಹಳ್ಳಿಗರೆಲ್ಲರೂ ಬಲ್ಲರು. ಮರದಿಂದ ಇಳಿಸಿದ ರಸಕ್ಕೆ ಬೇರೆ ಹುದುಗು ಬೇಕಾಗಿಲ್ಲ. ಅದು ಮಡಕೆಯಲ್ಲಿಯೇ ಕುದಿಯತೊಡಗುವದು. ಅದನ್ನು ಸೀಸೆಗೆ ತುಂಬಿ ಬಿರಡೆಯನ್ನು ಬಿಗಿದಿಟ್ಟರೆ ಬಿರಡೆಯಾದರೂ ಹಾರುವದು, ಸೀಸೆಯಾದರೂ ಒಡೆಯುವದು. ಆದದ್ದರಿಂದ ಬಲ್ಲವರು ಬಾಯಿಗೆ ಎಲೆಯನ್ನೋ ನಾರನ್ನೋ ಸಡಿಲಾಗಿ ತುರುಕುವರು. ಒಳಗಿನ ಬಲವೆಷ್ಟೆಂಬದನ್ನು ಅರಿತವರ ಎಚ್ಚರಿಕೆ ಇದು.

ವೈದ್ಯರ ಅನುಭವವಾದರೂ ಇದಕ್ಕಿಂತ ಮುಂದುವರಿದದ್ದು. ಚರಕಸಂಹಿತೆಯು 84 ಆಸವಗಳನ್ನು ಎಣಿಸಿದೆ. ಮುಂದೆ ಶಾರ್ಙ್ಗಧರನು ಕುದಿಸದ ದ್ರವ್ಯಗಳಿಂದ ಆದದ್ದು ಆಸವ, ಕಷಾಯದಿಂದ ಆದದ್ದು ಅರಿಷ್ಟ ಎಂದು ವಿಂಗಡಿಸಿದನು. ಬೇರೆ ಪ್ರಮಾಣವನ್ನು ಹೇಳದ ಕಡೆಯಲ್ಲಿ ಒಂದು ದ್ರೋಣ ದ್ರವಕ್ಕೆ ಒಂದು ತುಲಾ ಬೆಲ್ಲ, ಅದರ ಅರ್ಧ ಜೇನು, ಹತ್ತನೆಯ ಒಂದು ಪಾಲು ಚೂರ್ಣ ಎಂದು ಅಳತೆಯನ್ನು ಕಟ್ಟಿಕೊಟ್ಟನು. ದ್ರಾಕ್ಷಾರಿಷ್ಟ ಮೊದಲಾದವುಗಳಿಗೆ ಧಾತಕಿಯ ಹೂವನ್ನು ಹಾಕುವದು ರೂಢಿ. ಆ ಹೂವಿನೊಡನೆಯೇ ಹುದುಗಿನ ಜೀವಿಗಳು ಪಾತ್ರೆಯನ್ನು ಸೇರುತ್ತವೆಂದು ಇಂದಿನ ಪರೀಕ್ಷಕರು ಕಂಡಿದ್ದಾರೆ. ತುಪ್ಪ ಸವರಿದ ಪಾತ್ರೆಯ ಬಾಯಿಗೆ ಬಟ್ಟೆ ಸುತ್ತಿ ಮಣ್ಣು ಮೆತ್ತಿ ಸಂಧಿಬಂಧನ ಮಾಡಿ, ಶಾಖವು ಏರಿಳಿಯದಂತೆ ಧಾನ್ಯದ ರಾಶಿಯಲ್ಲಿ ಸುಮಾರು ಒಂದು ತಿಂಗಳು ಹೂಳಿಡುವರು. ಪಾಕವಾಯಿತೋ ಇಲ್ಲವೋ ಎಂದು ನೋಡಲು ಪಾತ್ರೆಗೆ ಕಿವಿಗೊಟ್ಟು ಸದ್ದಡಗಿದೆಯೇ ಎಂದು ಕೇಳುವರು. ಉರಿಯುವ ಬತ್ತಿಯನ್ನು ಒಳಗೆ ಹಿಡಿಯುವರು. ಬತ್ತಿ ನಂದಿದರೆ ವಾಯು ಇನ್ನೂ ಏಳುತ್ತಿದೆ. ಉರಿದರೆ ಕೆಲಸ ತೀರಿದೆ. ಆ ವಾಯುವಿನ ಹೆಸರು ಗೊತ್ತಿಲ್ಲದಿದ್ದರೂ ಅದರ ಗುಣವು ಅವರಿಗೆ ಗೊತ್ತಿತ್ತು. ಇಲ್ಲಿಯೂ ಅದನ್ನು ಹೋಗಗೊಡುವದೇ ಗುರಿಯಾಗಿದ್ದಿತೇ ಹೊರತು ಹಿಡಿದಿಡುವದಲ್ಲ.

ವಿಜಯಪುರದಲ್ಲಿ ಸೀಸೆಗಳಿಗೆ ಕೊರತೆಯಿತ್ತೆಂದು ಮಾತ್ರ ಹೇಳಲಾಗದು. ಎರಡನೆಯ ಇಬ್ರಾಹಿಂ ಆದಿಲಶಹನು ಆಳುತ್ತಿದ್ದಾಗ, 1603–04ರಲ್ಲಿ, ಅಕಬರ ಬಾದಶಹನ ದೂತನಾಗಿ ಬಂದ ಅಸದ ಬೇಗನು ಈ ನಗರದ ಪೇಟೆಯನ್ನು ಬಣ್ಣಿಸಿದ್ದಾನೆ. ಮದ್ಯದ ಅಂಗಡಿಯಲ್ಲಿ ಚೀನದ ಪಾತ್ರೆಗಳೂ ಬೆಲೆಯುಳ್ಳ ಸ್ಫಟಿಕದ ಸೀಸೆಗಳೂ ಸಾಲಾಗಿ ಜೋಡಿಸಿದ್ದವೆಂದೂ, ಅಂಗಡಿಯ ಮುಂದೆ ಎರಡು ಸಲ ಭಟ್ಟಿಯಿಳಿಸಿದ ಮದ್ಯದ ಗಡಿಗೆಗಳಿದ್ದವೆಂದೂ ಅವನ ಹೇಳಿಕೆ. ಆತನು ಇಲ್ಲಿಂದಲೇ ತಂಬಾಕನ್ನು ಒಯ್ದು ಅಕಬರನಿಗೆ ತೋರಿಸಿದ್ದು ಪ್ರಸಿದ್ಧವಾದ ಸಂಗತಿ. ಆದರೆ ಆ ಸ್ಫಟಿಕದ ಸೀಸೆಗಳು ಅಂದಕ್ಕೆ. ಭಟ್ಟಿಯ ಮದ್ಯದಲ್ಲಿ ವಾಯುವೂ ಇಲ್ಲ, ಒತ್ತಡವೂ ಇಲ್ಲ. ಒಳಗಿನಿಂದ ಒದೆಯುವ ಬಲವನ್ನು ತಡೆಯುವ ಸೀಸೆಯು ಬೇರೆಯೇ ಬಗೆಯದು. ಅದು ಅದೇ ಶತಮಾನದಲ್ಲಿ ಇಂಗ್ಲಂಡದಲ್ಲಿ ಹುಟ್ಟಿತು.

ಅಲ್ಲಿಯ ಅರಸನು 1615ರಲ್ಲಿ ಗಾಜಿನ ಕುಲುಮೆಗಳಲ್ಲಿ ಕಟ್ಟಿಗೆ ಉರಿಸಬಾರದೆಂದು ಆಜ್ಞೆ ಹೊರಡಿಸಿದನು. ಹಡಗು ಕಟ್ಟಲು ಮರ ಬೇಕಾಗಿದ್ದದ್ದೇ ಇದಕ್ಕೆ ಕಾರಣ. ಗಾಜಿನವರು ಕಲ್ಲಿದ್ದಲಿಗೆ ತಿರುಗಿದರು. ಅದರ ಉರಿಯು ಹೆಚ್ಚು ತೀಕ್ಷ್ಣವಾದದ್ದರಿಂದ ದಪ್ಪವೂ ಗಟ್ಟಿಯೂ ಆದ ಕಪ್ಪುಗಾಜು ಬಂದಿತು. 1662ರಲ್ಲಿ ಎರಡು ಸಂಗತಿಗಳು ಕೂಡಿ ಬಂದವು. ಆ ವರುಷ ಪ್ರಕಟವಾದ ಥಾಮಸ್ ಫುಲ್ಲರನ ಗ್ರಂಥದಲ್ಲಿ, ಸೇಂಟ್ ಪಾಲ್ ಮಂದಿರದ ಮುಖ್ಯಸ್ಥನಾಗಿದ್ದ ಅಲೆಕ್ಸಾಂಡರ್ ನೋವೆಲನು ಮೀನು ಹಿಡಿಯಲು ಹೋದಾಗ ಹುಲ್ಲಿನಲ್ಲಿ ಮರೆತು ಬಂದ ಬೀರಿನ ಸೀಸೆಯನ್ನು ಕೆಲವು ದಿನಗಳ ಮೇಲೆ ಕಂಡು ತೆಗೆಯಲು, ಅದು ತೋಪಿನಂತೆ ಸದ್ದು ಮಾಡಿತೆಂಬ ಕಥೆಯಿದೆ. ಅದೇ ವರುಷದ ಡಿಸೆಂಬರಿನಲ್ಲಿ ಕ್ರಿಸ್ಟೋಫರ್ ಮೆರೆಟ್ ಎಂಬ ವೈದ್ಯನು ರಾಯಲ್ ಸೊಸಾಯಿಟಿಯ ಮುಂದೆ ಓದಿದ ಲೇಖದಲ್ಲಿ, ದ್ರಾಕ್ಷಾಮದ್ಯವು ನೊರೆಯುಕ್ಕುವಂತಾಗಲೆಂದು ವ್ಯಾಪಾರಿಗಳು ಅದಕ್ಕೆ ಸಕ್ಕರೆಯನ್ನೂ ಕಾಕಂಬಿಯನ್ನೂ ಕೂಡಿಸುತ್ತಿರುವರೆಂದು ತಿಳಿಸಿದನು. ಮೊದಲನೆಯದು ಆಕಸ್ಮಿಕ, ಎರಡನೆಯದು ಉದ್ದೇಶ. ಕೌಟಿಲ್ಯನ ಫಾಣಿತಕ್ಕೆ ಇಲ್ಲಿ ಗಟ್ಟಿ ಸೀಸೆಯೂ ಬಿಗಿಯಾದ ಬಿರಡೆಯೂ ಜೊತೆಯಾದವು.

ಆದರೂ ಅಳತೆಯು ಇನ್ನೂ ಕೈಗೆ ಹತ್ತಿರಲಿಲ್ಲ. ಫ್ರಾನ್ಸಿನ ಶಾಂಪೇನ್ ಸೀಮೆಯ ನೆಲಮಾಳಿಗೆಗಳಲ್ಲಿ ಸೀಸೆಗಳು ಸಾಲುಸಾಲಾಗಿ ಒಡೆಯುತ್ತಿದ್ದವು. ಒಂದು ಒಡೆದರೆ ಅದರ ಚೂರುಗಳು ನೆರೆಯ ನಾಲ್ಕನ್ನು ಒಡೆಯುವವು. ಅಲ್ಲಿಯ ಕೂಲಿಕಾರರು ಮುಖಕ್ಕೆ ಕಬ್ಬಿಣದ ಮುಸುಕು ಕಟ್ಟಿಕೊಂಡು ಕೆಲಸ ಮಾಡುತ್ತಿದ್ದರು. 1836ರ ಸುಮಾರಿಗೆ ಶಾಲೋನ್ ಎಂಬ ಊರಿನ ಔಷಧ ವ್ಯಾಪಾರಿಯಾದ ಫ್ರಾನ್ಸ್ವಾ ಎಂಬವನು, ಮದ್ಯದಲ್ಲಿ ಮೊದಲೇ ಉಳಿದಿರುವ ಸಕ್ಕರೆಯನ್ನು ಅಳೆದು ಮೇಲೆ ಎಷ್ಟು ಕೂಡಿಸಬೇಕೆಂಬ ಲೆಕ್ಕವನ್ನು ತೋರಿಸಿಕೊಟ್ಟ ಮೇಲೆ ಈ ಅನಾಹುತವು ಇಳಿಮುಖವಾಯಿತು. 1876ರಲ್ಲಿ ಲೂಯಿ ಪಾಶ್ಚರನು ಬೀರಿನ ವಿಷಯದ ತನ್ನ ಗ್ರಂಥವನ್ನು ಪ್ರಕಟಿಸಿ, ಹುದುಗು ಜೀವಿಯೆಂಬದನ್ನೂ ಬೀರು ಕೆಡುವದು ಬೇರೆ ಜೀವಿಗಳಿಂದೆಂಬದನ್ನೂ ಸ್ಪಷ್ಟಪಡಿಸಿದನು. 1892ರಲ್ಲಿ ವಿಲಿಯಂ ಪೇಂಟರನು ಅಮೇರಿಕೆಯಲ್ಲಿ ನಿರಿಗೆಯ ಅಂಚಿನ ತಗಡಿನ ಮುಚ್ಚಳವನ್ನು ನಿರ್ಮಿಸಲು, ಬಿಗಿಯಾದ ಬಂಧನವು ಬಡವನ ಮನೆಗೂ ಎಟಕುವಂತಾಯಿತು.

ಹೀಗೆ ಸಿದ್ಧವಾದ ಪದ್ಧತಿಯು ಇಂತಿದೆ. ಯವಧಾನ್ಯವನ್ನು ಮೊಳೆಯಿಸಿ ಒಣಗಿಸಿ ನುಚ್ಚು ಮಾಡಿ ಬಿಸಿನೀರಿನಲ್ಲಿ ನೆನೆಯಿಟ್ಟರೆ ಅದರ ಹಿಟ್ಟು ಸಕ್ಕರೆಯಾಗಿ ಮಾರ್ಪಡುವದು. ಆಫ್ರಿಕಾ ಖಂಡದ ಅನೇಕ ಸೀಮೆಗಳಲ್ಲಿ ಜೋಳದ ಮೊಳಕೆಯಿಂದಲೇ ಬೀರು ಮಾಡುವರು. ವಿಜಯಪುರದವರು ರೊಟ್ಟಿ, ಅಂಬಲಿ ಮಾಡುವ ಧಾನ್ಯವೂ ಅದೇ ಜಾತಿಯದು. ಆ ಸಿಹಿನೀರನ್ನು ಹಾಪ್ಸ್ ಎಂಬ ಕಹಿಹೂವಿನೊಡನೆ ಕುದಿಸಿ ಆರಿಸಿ ಯೀಸ್ಟ್ ಹಾಕಿದರೆ ಒಂದೆರಡು ವಾರಗಳಲ್ಲಿ ಹುದುಗುವಿಕೆ ತೀರುವದು. ಆಗ ಬೀರು ಸಪ್ಪಗಿರುವದು, ನೊರೆಯಿಲ್ಲ. ಒಂದು ಲೀಟರಿಗೆ 6ರಿಂದ 7 ಗ್ರಾಮಿನಷ್ಟು ಸಕ್ಕರೆಯನ್ನು ನೀರಿನಲ್ಲಿ ಕುದಿಸಿ, ಆರಿಸಿ, ಆ ಬೀರಿಗೆ ಸಮನಾಗಿ ಬೆರೆಸಿ, ಮೇಲೆ ಎರಡು ಬೆರಳು ಜಾಗ ಬಿಟ್ಟು ಸೀಸೆಗೆ ತುಂಬಿ ಮುಚ್ಚಳವನ್ನು ಬಿಗಿಯಬೇಕು. ಉಳಿದ ಹುದುಗು ಆ ಸಕ್ಕರೆಯನ್ನು ತಿಂದು ವಾಯುವನ್ನು ಬಿಡುವದು; ಹೊರದಾರಿ ಕಾಣದ ವಾಯು ದ್ರವದಲ್ಲಿಯೇ ಕರಗುವದು. ಎರಡು ವಾರಗಳಲ್ಲಿ ಒಂದು ಸೀಸೆಯ ಬೀರಿನಲ್ಲಿ ಸುಮಾರು ಎರಡೂವರೆ ಸೀಸೆಯಷ್ಟು ವಾಯು ಅಡಗಿ ಕುಳಿತಿರುವದು, ತಳದಲ್ಲಿ ಹುದುಗಿನ ತೆಳ್ಳಗಿನ ಗಸಿ ನಿಂತಿರುವದು.

ಸಕ್ಕರೆ ಹೆಚ್ಚಾದರೂ, ಹುದುಗುವಿಕೆ ತೀರುವ ಮೊದಲೇ ತುಂಬಿದರೂ ಸೀಸೆಯು ಸಿಡಿಯುವದು. ತಂಪು ನಾಡಿನಲ್ಲಿ ನಿಶ್ಚಯಿಸಿದ ಅಳತೆಯು ಬಿಸಿಲು ನಾಡಿಗೆ ಹಾಗೆಯೇ ಹೊಂದುವದಿಲ್ಲ. 20 ಅಂಶ ಸೆಲ್ಸಿಯಸ್ ಶಾಖದಲ್ಲಿ ಇಂಥ ಸೀಸೆಯೊಳಗಿನ ಒತ್ತಡವು ಹೊರಗಿನ ವಾತಾವರಣದ ಸುಮಾರು ಮೂರು ಮಡಿಯಾದರೆ, ವಿಜಯಪುರದ ವೈಶಾಖದ 40 ಅಂಶಗಳಲ್ಲಿ ಅದೇ ಸೀಸೆಯಲ್ಲಿ ಅದು ನಾಲ್ಕು ಮಡಿಯನ್ನೂ ಮೀರುವದು. ಶಾಖವೇರಿದಂತೆ ದ್ರವವು ವಾಯುವನ್ನು ಉಗುಳುವದೇ ಇದರ ಕಾರಣ. ಪಾತ್ರೆಯನ್ನು ಧಾನ್ಯದ ರಾಶಿಯಲ್ಲಿ ಹೂಳುತ್ತಿದ್ದ ವೈದ್ಯನ ಜಾಗ್ರತೆಯ ಬೆಲೆ ಇಲ್ಲಿ ತಿಳಿಯುವದು.

ಕರ್ನಾಟಕದಲ್ಲಿ ಬೀರು ಗೃಹಸ್ಥನ ಕೈಯಿಂದ ಬರಲಿಲ್ಲ. ದಂಡಿನ ಹಿಂದೆ ಬಂದಿತು. ಬೆಂಗಳೂರಿನ ಕ್ಯಾಸಲ್ ಬ್ರುವರಿಯು 1857ರಷ್ಟು ಹಳೆಯದು. 1915ರಲ್ಲಿ ಥಾಮಸ್ ಲೀಶ್ಮನ್ ಎಂಬವನು ಅದನ್ನೂ ದಕ್ಷಿಣದ ಇತರ ಭಟ್ಟಿಗಳನ್ನೂ ಕೂಡಿಸಿ ಯುನೈಟೆಡ್ ಬ್ರುವರೀಸ್ ಸಂಸ್ಥೆಯನ್ನು ಕಟ್ಟಿದನು. ಬೀರಿನ ಪೀಪಾಯಿಗಳು ಎತ್ತಿನ ಗಾಡಿಗಳಲ್ಲಿ ಬ್ರಿಟಿಷ್ ದಂಡಿಗೆ ಹೋಗುತ್ತಿದ್ದವು. ಸಾಮಾನ್ಯ ಜನರಿಗೆ ಬಂಧಿತವಾಯುವಿನ ಪರಿಚಯವಾದದ್ದು ಜಾತ್ರೆಗಳ ಗೋಲಿ ಸೋಡಾದಿಂದ. ಹಿರಮ್ ಕಾಡ್ ಎಂಬ ಇಂಗ್ಲಿಷ್ ಯಂತ್ರಶಿಲ್ಪಿಯು 1870ರ ದಶಕದ ಮೊದಲಲ್ಲಿ ಹೂಡಿದ ಆ ಸೀಸೆಯಲ್ಲಿ ಒಳಗಿನ ವಾಯುವೇ ಗೋಲಿಯನ್ನು ಕೊರಳಿಗೆ ಒತ್ತಿ ಬಾಯಿ ಮುಚ್ಚುವದು. ಬಂಧಿತನೇ ಬಾಗಿಲು ಕಾಯುವ ಯುಕ್ತಿ! ಆದರೆ ಅಲ್ಲಿ ವಾಯುವನ್ನು ತುಂಬುವದು ಯಂತ್ರ, ಕಿಣ್ವವಲ್ಲ.

ಇನ್ನು ಎರಡನೆಯ ಬಂಧನದ ಮಾತು. ಮುಂಬಯಿ ಸರಕಾರವು 1878ರಲ್ಲಿ ಅಬಕಾರಿ ಕಾಯಿದೆಯನ್ನು ಮಾಡಿತು. ಆಗ ಈ ಸೀಮೆಯು ಕಲಾದಗಿ ಜಿಲ್ಲೆ. ಜಿಲ್ಲೆಯ ಕಚೇರಿಗಳು ವಿಜಯಪುರಕ್ಕೆ ಬಂದದ್ದು 1885ರಲ್ಲಿ. 1876–78ರ ಮಹಾಕ್ಷಾಮವು ಈ ಜಿಲ್ಲೆಯನ್ನು ಹಣ್ಣುಮಾಡಿ ಹೋದ ಹೊತ್ತಿನಲ್ಲಿಯೇ ಮದ್ಯ ಕಾಸುವದೂ ರಸ ಇಳಿಸುವ ಮರವೂ ಸರಕಾರದ ಪರವಾನಗಿಗೂ ತೆರಿಗೆಗೂ ಒಳಪಟ್ಟವು. ಇಂಗ್ಲಂಡದಲ್ಲಿಯೂ 1880ರಲ್ಲಿ ಗ್ಲಾಡ್‌ಸ್ಟನ್ನನು ಮೊಳಕೆಧಾನ್ಯದ ತೆರಿಗೆಯನ್ನು ತೆಗೆದು ಬೀರಿನ ಮೇಲೆ ತೆರಿಗೆ ಹಾಕಿ, ಮನೆಯಲ್ಲಿ ಬೀರು ಮಾಡುವವರಿಗೂ ಪರವಾನಗಿಯನ್ನು ವಿಧಿಸಿದನು. ಅಲ್ಲಿ ಅದು 1963ರಲ್ಲಿ ರದ್ದಾಯಿತು. ಅಮೇರಿಕೆಯಲ್ಲಿ 1978ರ ಕಾನೂನು ಗೃಹಸ್ಥನಿಗೆ ಅದೇ ಸ್ವಾತಂತ್ರ್ಯ ಕೊಟ್ಟಿತು. ಮಾರಬಾರದು, ಮನೆಯ ಮಟ್ಟಿಗೆ ಮಾಡಿಕೊಳ್ಳಬಹುದು ಎಂಬ ಈ ವಿಧಿಯು ಕೌಟಿಲ್ಯನ ಗೆರೆಗೆ ಎಷ್ಟು ಸಮೀಪವೆಂಬದನ್ನು ಬೇರೆ ಹೇಳಬೇಕಾಗಿಲ್ಲ.

ಇಲ್ಲಿಯ ಗೆರೆಯು ಬೇರೆ ದಿಕ್ಕಿಗೆ ಸರಿಯಿತು. 1949ರ ಮುಂಬಯಿ ಪಾನನಿರೋಧ ಕಾಯಿದೆಯು ಆಗ ಮುಂಬಯಿ ರಾಜ್ಯದಲ್ಲಿದ್ದ ವಿಜಯಪುರಕ್ಕೂ ಅನ್ವಯಿಸಿತು. ಕುಡುಕತನದಿಂದ ಹಾಳಾದ ಮನೆಗಳನ್ನು ಕಂಡವರು ಆ ಕಾಯಿದೆಯ ಸದುದ್ದೇಶವನ್ನು ಅಲ್ಲಗಳೆಯಲಾರರು. ಆದರೆ ಮದ್ಯಸಾರವುಳ್ಳದ್ದೆಲ್ಲವನ್ನೂ ಅದು ಹಿಡಿದದ್ದರಿಂದ ಔಷಧಗಳೂ ಸಿಕ್ಕಿಬಿದ್ದವು. 1951ರಲ್ಲಿ ಬಾಲ್ಸಾರಾ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಮದ್ಯಸಾರವಿರುವ ಔಷಧ ಮತ್ತು ಪ್ರಸಾಧನ ದ್ರವ್ಯಗಳನ್ನು ಆ ಮಟ್ಟಿಗೆ ಬಂಧನದಿಂದ ಬಿಡಿಸಿತು. 1955ರ ಕೇಂದ್ರ ಕಾಯಿದೆಯು ಆಯುರ್ವೇದದಲ್ಲಿ ತಾನಾಗಿಯೇ ಹುಟ್ಟುವ ಮದ್ಯಸಾರವನ್ನು ಪ್ರತ್ಯೇಕವಾಗಿ ಗುರುತಿಸಿತು. ಹೀಗೆ ಅರಿಷ್ಟಕ್ಕೆ ಕೌಟಿಲ್ಯನು ಇತ್ತ ವಿನಾಯತಿಯು ಇನ್ನೊಮ್ಮೆ ಊರ್ಜಿತವಾದಂತಾಯಿತು. 1956ರ ನವೆಂಬರ 1ರಂದು ವಿಜಯಪುರವು ಮೈಸೂರು ರಾಜ್ಯವನ್ನು ಸೇರಿತು. 1965ರ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯವನ್ನು ತಯಾರಿಸುವದು ಇಂದಿಗೂ ಅಪರಾಧವೇ. ಕದ್ದು ಮಾಡಿ ಮಾರುವವರ ಕೈಯಲ್ಲಿ ಅಳತೆಯು ಸಿಕ್ಕಾಗ ಏನಾಗುವದೆಂಬದನ್ನು 1981ರ ಜುಲೈಯಲ್ಲಿ ಬೆಂಗಳೂರು ಕಂಡಿತು. ವಿಷಮದ್ಯವು 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅವರು ಕಿಣ್ವದಿಂದ ಸಾಯಲಿಲ್ಲ, ಕಲಬೆರಕೆಯಿಂದ ಸತ್ತರು.

ಒಟ್ಟಿನಲ್ಲಿ ಕಿಣ್ವವು ಈ ನಾಡಿಗೆ ಹೊಸದಲ್ಲ, ಕೊನೆಯಲ್ಲಿ ಸಿಹಿಯನ್ನು ಕೂಡಿಸುವದೂ ಹೊಸದಲ್ಲ, ಬಂಧನವೇ ಹೊಸದು. ಸೀಸೆಯ ಬಂಧನವಾಗಲಿ ಕಾಯಿದೆಯ ಬಂಧನವಾಗಲಿ ಒಳಗಿನ ಬಲವನ್ನು ಅಳೆದು ಹಾಕಿದಾಗ ನಿಲ್ಲುವದು. ಅಳೆಯದೆ ಹಾಕಿದಾಗ ಒಡೆಯುವದು. 2007ರಲ್ಲಿ ಕರ್ನಾಟಕ ಸರಕಾರವು ದ್ರಾಕ್ಷಾಮದ್ಯದ ಬಗೆಗೆ ಹೊಸ ಧೋರಣೆಯನ್ನು ಪ್ರಕಟಿಸಿತಾದರೂ, ತಿಕೋಟಾ ಬಬಲೇಶ್ವರಗಳ ಕಡೆಯ ಒಕ್ಕಲಿಗನು ತನ್ನ ಹಣ್ಣನ್ನು ಬಹುಮಟ್ಟಿಗೆ ಒಣಗಿಸಿ ಒಣದ್ರಾಕ್ಷಿಯಾಗಿಯೇ ಪೇಟೆಗೆ ಕಳಿಸುತ್ತಾನೆ. ಅದರಲ್ಲಿ ಒಂದಷ್ಟು ವೈದ್ಯನ ಪಾತ್ರೆಯನ್ನು ಸೇರಿ, ಬೆಲ್ಲ ಧಾತಕಿಗಳೊಡನೆ ತಿಂಗಳು ಕಳೆದು, ದ್ರಾಕ್ಷಾರಿಷ್ಟವಾಗಿ ಮನೆಗೆ ಬರುವದು. ಊಟವಾದ ಮೇಲೆ ಮನೆಯ ಹಿರಿಯರು ಅದನ್ನು ಎರಡು ಚಮಚ ಅಳೆದು, ಸಮಪಾಲು ನೀರು ಬೆರೆಸಿ ತೆಗೆದುಕೊಂಡು, ಮುಚ್ಚಳವನ್ನು ತಿರುಗಿಸಿ ಸೀಸೆಯನ್ನು ನೆಲುವಿನ ಮೇಲೆ ಇಡುವರು.